ಆನ್‌ಲೈನ್ ಸಗಟು ಖರೀದಿ ವೇದಿಕೆಗಳಲ್ಲಿ ವ್ಯವಹರಿಸುವ ಕ್ರಮ: ಸಣ್ಣ ಕೈಗಾರಿಕೆಗಳಿಗೊಂದು ಮಾರ್ಗದರ್ಶಿ

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಎರಡು ಕ್ವಿಂಟಲ್ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬೇಕಾದಾಗ ಅದರ ಮಾಲೀಕರು ಹಿಂದೆ ಎಸ್.ಪಿ. ರಸ್ತೆಗೆ ಹೋಗಿ, ನಾಲ್ಕಾರು ಅಂಗಡಿಗಳಲ್ಲಿ ದರ ವಿಚಾರಿಸಿ, ಕೊನೆಗೆ ಪರಿಚಯದ ಅಂಗಡಿಯಲ್ಲೇ ಒಂದು ತಿಂಗಳ ಉದ್ರಿ ಹೇಳಿ ಮಾಲು ತರುತ್ತಿದ್ದರು. ಆ ಅಂಗಡಿಯವರು ಒಂದೇ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ನಾಲ್ಕು ಕೆಲಸ ಮಾಡುತ್ತಿದ್ದರು: ತಯಾರಕರನ್ನು ಹುಡುಕಿಕೊಡುವುದು, ಮಾಲಿನ ಗುಣಮಟ್ಟಕ್ಕೆ ಜವಾಬ್ದಾರರಾಗುವುದು, ಹಣಕ್ಕೆ ಸಮಯ ಕೊಡುವುದು, ತಕರಾರು ಬಂದರೆ ಬದಲಿ ಮಾಲು ಕೊಟ್ಟು ಮುಗಿಸುವುದು. ಆನ್‌ಲೈನ್ ವೇದಿಕೆಗಳು ಈ ನಾಲ್ಕು ಕೆಲಸಗಳನ್ನು ಬಿಡಿಬಿಡಿಯಾಗಿಸಿವೆ. ಕೆಲವು ವೇದಿಕೆಗಳು ಮೊದಲನೆಯದನ್ನಷ್ಟೇ ಮಾಡುತ್ತವೆ, ಕೆಲವು ಮೂರನ್ನು ಮಾಡುತ್ತವೆ. ವೇದಿಕೆ ಯಾವ ಕೆಲಸವನ್ನು ಕೈಬಿಟ್ಟಿದೆಯೋ ಅದು ಖರೀದಿದಾರರ ಅಥವಾ ಮಾರಾಟಗಾರರ ಹೆಗಲಿಗೆ ಬರುತ್ತದೆ. ನಾನು ನೋಡಿದ ನಷ್ಟಗಳಲ್ಲಿ ಹೆಚ್ಚಿನವು ಆ ಹೊರೆ ಯಾರದೆಂದು ತಿಳಿಯದೆ ಆದವು. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ಅದೇ ಪ್ರಶ್ನೆಯನ್ನು ಹಿಡಿದು ಸಾಗಿದ್ದೇನೆ. ಮೊದಲ ಭಾಗ ಕೊಳ್ಳುವವರಿಗೆ, ಎರಡನೆಯದು ಮಾರುವವರಿಗೆ. ಸಣ್ಣ ಕಾರ್ಖಾನೆಯ ಮಾಲೀಕರು ದಿನವೂ ಎರಡೂ ಪಾತ್ರ ವಹಿಸುವುದರಿಂದ ಎರಡನ್ನೂ ಓದುವುದು ಒಳ್ಳೆಯದು.

ಹೆಜ್ಜೆ 1: ವೇದಿಕೆ ಯಾವ ಬಗೆಯದು ಎಂದು ತಿಳಿಯಿರಿ

ಭಾರತದಲ್ಲಿ ಚಾಲ್ತಿಯಲ್ಲಿರುವ ವೇದಿಕೆಗಳನ್ನು ಸ್ಥೂಲವಾಗಿ ಮೂರು ಬಗೆಗಳಾಗಿ ನೋಡಬಹುದು.

ಮೊದಲನೆಯದು ಪಟ್ಟಿ ವೇದಿಕೆ. 1996ರಲ್ಲಿ ಆರಂಭವಾದ ಇಂಡಿಯಾಮಾರ್ಟ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇಲ್ಲಿ ಖರೀದಿದಾರರಿಗೆ ಶುಲ್ಕವಿಲ್ಲ. ವೇದಿಕೆಯ ಆದಾಯ ಬರುವುದು ಮುಖ್ಯವಾಗಿ ಮಾರಾಟಗಾರರು ಕಟ್ಟುವ ಚಂದಾಹಣದಿಂದ. ನೀವು ಒಂದು ಬೇಡಿಕೆ ದಾಖಲಿಸಿದರೆ ಅದು ‘ಲೀಡ್’ ಆಗಿ ಹಲವು ಮಾರಾಟಗಾರರಿಗೆ ತಲುಪುತ್ತದೆ. ಬೇಡಿಕೆ ಹಾಕಿದ ಹತ್ತು ನಿಮಿಷದಲ್ಲಿ ಫೋನು ಬಿಡುವಿಲ್ಲದೆ ಬಡಿದುಕೊಳ್ಳುವುದು ಈ ಕಾರಣಕ್ಕೆ. ಇಲ್ಲಿ ವೇದಿಕೆ ಸಾಮಾನ್ಯವಾಗಿ ಪರಿಚಯ ಮಾಡಿಸಿ ಹಿಂದೆ ಸರಿಯುತ್ತದೆ. ದರ, ಗುಣಮಟ್ಟ, ಸಾಗಣೆ, ಹಣ ಎಲ್ಲವೂ ನಿಮ್ಮಿಬ್ಬರ ನಡುವಿನ ವಿಷಯ. ಮಾರಾಟಗಾರರ ಹೆಸರಿನ ಪಕ್ಕದಲ್ಲಿ ಪರಿಶೀಲಿತ ಎಂಬರ್ಥದ ಗುರುತು ಕಂಡರೆ, ಅವರ ವಿಳಾಸ ಮತ್ತು ದಾಖಲೆಗಳನ್ನು ಒಮ್ಮೆ ನೋಡಲಾಗಿದೆ ಎಂದಷ್ಟೇ ತಿಳಿಯಬೇಕು, ಮಾಲಿನ ಗುಣಮಟ್ಟಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಎರಡನೆಯದು ನಿರ್ವಹಿತ ವೇದಿಕೆ. ಕೈಗಾರಿಕಾ ಸಾಮಗ್ರಿಗಳಿಗೆ 2015ರಲ್ಲಿ ಆರಂಭವಾದ ಮೊಗ್ಲಿಕ್ಸ್, ಕಿರಾಣಿ ಮುಂತಾದ ಚಿಲ್ಲರೆ ಅಂಗಡಿಗಳ ಸಗಟು ಖರೀದಿಗೆ 2016ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಉಡಾನ್ ಈ ಬಗೆಯವು. ಇಲ್ಲಿ ದರ ಪರದೆಯ ಮೇಲೆಯೇ ಇರುತ್ತದೆ, ಹಣ ವೇದಿಕೆಯ ಮೂಲಕ ಹೋಗುತ್ತದೆ, ಸಾಗಣೆಯನ್ನೂ ಅವರೇ ನೋಡಿಕೊಳ್ಳುತ್ತಾರೆ, ಅರ್ಹರಿಗೆ ಉದ್ರಿಯ ಏರ್ಪಾಡೂ ಇರುತ್ತದೆ. ಈ ಸೌಕರ್ಯದ ಬೆಲೆ ದರದೊಳಗೇ ಸೇರಿರುತ್ತದೆ.

ಮೂರನೆಯದು ಸರ್ಕಾರಿ ಖರೀದಿಯ ವೇದಿಕೆ. ಕೇಂದ್ರದ ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್, ಅಂದರೆ ಎಲ್ಲರೂ ‘ಜೆಮ್’ ಎನ್ನುವ ತಾಣ, 2016ರ ಆಗಸ್ಟ್ 9ರಂದು ಆರಂಭವಾಯಿತು. ದಶಕಗಳ ಕಾಲ ಕೇಂದ್ರದ ಇಲಾಖೆಗಳಿಗೆ ದರ ಒಪ್ಪಂದ ಮಾಡಿಕೊಡುತ್ತಿದ್ದ ಡಿಜಿಎಸ್ ಅಂಡ್ ಡಿ ಎಂಬ ನಿರ್ದೇಶನಾಲಯವನ್ನು ಮರುವರ್ಷ ಮುಚ್ಚಲಾಯಿತು. ಕರ್ನಾಟಕದ ಇಲಾಖೆಗಳು ಮತ್ತು ನಿಗಮಗಳ ಟೆಂಡರುಗಳು 1999ರ ಪಾರದರ್ಶಕತೆ ಕಾಯ್ದೆಯ ಅಡಿಯಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ, ಅಂದರೆ ಕೆಪಿಪಿಪಿಯಲ್ಲಿ ನಡೆಯುತ್ತವೆ.

ಯಾವುದೇ ಹೊಸ ತಾಣದಲ್ಲಿ ಖಾತೆ ತೆರೆಯುವ ಮೊದಲು ಮೂರು ಪ್ರಶ್ನೆಗಳಿಗೆ ಅವರ ನಿಯಮಗಳ ಪುಟದಲ್ಲಿ ಉತ್ತರ ಹುಡುಕಿ. ಇನ್‌ವಾಯ್ಸ್ ಯಾರ ಹೆಸರಿನಲ್ಲಿ ಬರುತ್ತದೆ? ಹಣ ಯಾರ ಖಾತೆಗೆ ಹೋಗುತ್ತದೆ? ಮಾಲು ತಿರಸ್ಕೃತವಾದರೆ ಹಿಂದೆ ತೆಗೆದುಕೊಂಡು ಹೋಗುವವರು ಯಾರು? ಮೂರಕ್ಕೂ ‘ಮಾರಾಟಗಾರ’ ಎಂಬ ಉತ್ತರ ಬಂದರೆ ಅದು ಎಷ್ಟೇ ಅಂದವಾದ ತಾಣವಾಗಿದ್ದರೂ ದೂರವಾಣಿ ಡೈರೆಕ್ಟರಿಯ ಸುಧಾರಿತ ರೂಪವೆಂದು ತಿಳಿದು ಮುಂದುವರಿಯಿರಿ.

ಹೆಜ್ಜೆ 2: ಬೇಡಿಕೆಯನ್ನು ಅಳತೆ ಮತ್ತು ಮಾನಕದ ಭಾಷೆಯಲ್ಲಿ ಬರೆಯಿರಿ

‘12 ಎಂಎಂ ಎಸ್‌ಎಸ್ ಬೋಲ್ಟ್, 200 ಕೆಜಿ, ಬೆಸ್ಟ್ ರೇಟ್ ಕೊಡಿ’ ಎಂದು ಬೇಡಿಕೆ ಹಾಕಿದರೆ ಹದಿನೈದು ದರಗಳು ಬರುತ್ತವೆ. ಆದರೆ ಆ ಹದಿನೈದೂ ಬೇರೆ ಬೇರೆ ವಸ್ತುಗಳ ದರಗಳಾಗಿರುತ್ತವೆ. ಎದುರಿಗೆ ಅಂಗಡಿಯಿದ್ದಾಗ ಹಳೆಯ ಬೋಲ್ಟನ್ನು ತೋರಿಸಿ ‘ಇಂಥದ್ದೇ ಕೊಡಿ’ ಎನ್ನಬಹುದಿತ್ತು. ಆನ್‌ಲೈನಿನಲ್ಲಿ ಆ ಹಳೆಯ ಬೋಲ್ಟಿನ ಜಾಗವನ್ನು ಅಕ್ಷರಗಳು ತುಂಬಬೇಕು.

ಅದೇ ಬೇಡಿಕೆಯನ್ನು ಹೀಗೆ ಬರೆದು ನೋಡಿ: ಷಡ್ಭುಜ ತಲೆಯ ಬೋಲ್ಟ್, ಎಂ12, ಉದ್ದ 50 ಮಿ.ಮೀ., ಪೂರ್ತಿ ಥ್ರೆಡ್, ಐಎಸ್ 1364 ಅನ್ವಯ, ಸ್ಟೇನ್‌ಲೆಸ್ ಸ್ಟೀಲ್ 304, ದರ್ಜೆ ಎ2-70, ತಲೆಯ ಮೇಲೆ ದರ್ಜೆಯ ಗುರುತು ಕಡ್ಡಾಯ, 200 ಕೆಜಿ, ಪ್ರತಿ ಲಾಟ್‌ಗೆ ಟೆಸ್ಟ್ ಸರ್ಟಿಫಿಕೇಟ್, ತಲುಪಿಸುವ ಸ್ಥಳ ಪೀಣ್ಯ, ಪಿನ್‌ಕೋಡ್ ಸಹಿತ, ಆರ್ಡರಿನ ದಿನದಿಂದ 15 ದಿನದೊಳಗೆ, ದರ ತೆರಿಗೆ ಹೊರತುಪಡಿಸಿ, ಸಾಗಣೆ ಸೇರಿಸಿ, ಹಣ ಪಾವತಿ ಮಾಲು ಸ್ವೀಕರಿಸಿದ 30 ದಿನಕ್ಕೆ.

ಇಲ್ಲಿ ಐಎಸ್ 1364 ಎಂಬುದು ಬೋಲ್ಟುಗಳ ಭಾರತೀಯ ಮಾನಕ, ಎ2-70ರಲ್ಲಿನ ‘70’ ಎಂದರೆ 700 ಮೆಗಾಪ್ಯಾಸ್ಕಲ್ ಎಳೆತ ಬಲ. ‘304’ ಎಂದು ಬರೆಯದೆ ಬರೀ ಎಸ್‌ಎಸ್ ಎಂದರೆ 200 ಸರಣಿಯ ಉಕ್ಕನ್ನು ಕಳುಹಿಸಿದವರನ್ನು ನೀವು ದೂರುವಂತಿಲ್ಲ. 304ರಲ್ಲಿ ಕನಿಷ್ಠ ಶೇ. 8ರಷ್ಟು ನಿಕಲ್ ಇರಬೇಕು. 200 ಸರಣಿಯ 202ರಲ್ಲಿ ನಿಕಲ್ ಶೇ. 4ರಿಂದ 6ಕ್ಕೆ ಇಳಿದು, ಆ ಜಾಗವನ್ನು ಅಗ್ಗದ ಮ್ಯಾಂಗನೀಸ್ ತುಂಬಿರುತ್ತದೆ. ಹೊಸದರಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ವ್ಯತ್ಯಾಸ ತಿಳಿಯುವುದು ಎರಡು ಮಳೆಗಾಲ ಕಳೆದ ಮೇಲೆ. ಇದನ್ನು ನಾನು ಕಲಿತದ್ದು ಸ್ವಂತ ಹಣ ಕೊಟ್ಟು. ಕರಾವಳಿಯ ಗ್ರಾಹಕರೊಬ್ಬರಿಗೆ ಕಳುಹಿಸಿದ ಬೋಲ್ಟುಗಳು ಒಂದೇ ವರ್ಷದಲ್ಲಿ ಕೆಂಪಾದಾಗ ಹಳೆಯ ಬೇಡಿಕೆಯ ಪಠ್ಯವನ್ನು ತೆಗೆದು ನೋಡಿದೆ. ಅದರಲ್ಲಿ 304 ಎಂಬ ಅಂಕಿಯೇ ಇರಲಿಲ್ಲ.

ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿಯೂ ಇಲ್ಲಿ ಕೈಕೊಡುತ್ತದೆ. 200 ಸರಣಿಯ ಉಕ್ಕೂ ಹೆಚ್ಚುಕಡಿಮೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇನ್ನೊಂದೆಡೆ, ತಣ್ಣಗಿರುವಾಗಲೇ ಒತ್ತಿ ರೂಪಿಸಿದ ಅಸಲಿ 304 ಬೋಲ್ಟ್ ಸ್ವಲ್ಪ ಸೆಳೆತಕ್ಕೆ ಒಳಗಾಗುತ್ತದೆ. ಹೀಗಾಗಿ ಅಯಸ್ಕಾಂತವನ್ನು ನಂಬಿದವರು ಒಳ್ಳೆಯ ಮಾಲನ್ನು ಹಿಂದಿರುಗಿಸಿ ಕೆಟ್ಟದ್ದನ್ನು ಇಟ್ಟುಕೊಳ್ಳುವ ಸಾಧ್ಯತೆಯೂ ಇದೆ.

ಬೋಲ್ಟಿನ ಜಾಗದಲ್ಲಿ ರಟ್ಟಿನ ಪೆಟ್ಟಿಗೆಯಿದ್ದರೆ ಪದರಗಳ ಸಂಖ್ಯೆ, ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ) ಮತ್ತು ಒಳಗಿನ ಅಳತೆಯನ್ನು ಬರೆಯಬೇಕು. ಬಟ್ಟೆಯಾದರೆ ನೂಲಿನ ಕೌಂಟ್ ಮತ್ತು ಅಗಲವನ್ನು. ಆಯಾ ಮಾಲಿನಲ್ಲಿ ದರವನ್ನು ಏರಿಳಿಸುವ ಎರಡು ಮೂರು ಗುಣಗಳು ಯಾವುವೆಂದು ನಿಮ್ಮ ಕಾರ್ಖಾನೆಯ ಹಿರಿಯ ಫಿಟ್ಟರ್ ಅಥವಾ ಸ್ಟೋರ್‌ಕೀಪರ್‌ ಅವರನ್ನು ಕೇಳಿ, ಅವನ್ನು ಅಂಕಿಯಲ್ಲಿ ಬರೆದರೆ ಸಾಕು.

ಹೆಜ್ಜೆ 3: ಮಾರಾಟಗಾರರನ್ನು ವೇದಿಕೆಯ ಹೊರಗೆ ಪರಿಶೀಲಿಸಿ

ವೇದಿಕೆಯೊಳಗಿನ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಜಿಎಸ್‌ಟಿ ಸಂಖ್ಯೆಯನ್ನು ಕೇಳಿ ಪಡೆಯುವುದು ಹೆಚ್ಚು ಉಪಯುಕ್ತ. ಆ 15 ಅಕ್ಷರಗಳಲ್ಲೇ ಸಾಕಷ್ಟು ಮಾಹಿತಿಯಿದೆ. ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಗಳು ಪ್ಯಾನ್ ಸಂಖ್ಯೆ. ಆ ಪ್ಯಾನ್‌ನ ನಾಲ್ಕನೆಯ ಅಕ್ಷರ ‘ಪಿ’ ಆಗಿದ್ದರೆ ಒಬ್ಬ ವ್ಯಕ್ತಿ, ‘ಎಫ್’ ಆಗಿದ್ದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಆಗಿದ್ದರೆ ಕಂಪನಿ. ತನ್ನನ್ನು ಪ್ರೈವೇಟ್ ಲಿಮಿಟೆಡ್ ಎಂದು ಕರೆದುಕೊಳ್ಳುವ ಸಂಸ್ಥೆಯ ಸಂಖ್ಯೆಯಲ್ಲಿ ಆ ಜಾಗದಲ್ಲಿ ‘ಪಿ’ ಇದ್ದರೆ ವಿವರಣೆ ಕೇಳಬೇಕಾದ ಸಂದರ್ಭವದು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ತೆರಿಗೆದಾರರನ್ನು ಹುಡುಕುವ ಪುಟವಿದೆ. ಅಲ್ಲಿ ಸಂಖ್ಯೆ ಹಾಕಿದರೆ ಸಂಸ್ಥೆಯ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ವಿಳಾಸ, ತಯಾರಕರೋ ವ್ಯಾಪಾರಿಯೋ ಎಂಬ ವಿವರ, ನೋಂದಣಿ ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ ಎಂಬುದು ಕಾಣುತ್ತದೆ. ರಿಟರ್ನ್‌ಗಳನ್ನು ಯಾವ ತಿಂಗಳವರೆಗೆ ಸಲ್ಲಿಸಿದ್ದಾರೆ ಎಂಬುದನ್ನೂ ಅಲ್ಲೇ ನೋಡಬಹುದು. ರಿಟರ್ನ್ ಸಲ್ಲಿಸದವರಿಂದ ಕೊಂಡರೆ ಆ ಇನ್‌ವಾಯ್ಸ್ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ನಿಮಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಲ್ಲಿ, ಕಾಣಿಸುವುದಿಲ್ಲ, ಹೂಡುವಳಿ ತೆರಿಗೆಯ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ನಿಮಗೆ ಸಿಗುವುದಿಲ್ಲ. ಶೇ. 18ರ ತೆರಿಗೆಯ ಮಾಲಿನಲ್ಲಿ ಶೇ. 3ರ ರಿಯಾಯಿತಿಗೆ ಆಸೆಪಟ್ಟು ಶೇ. 18ನ್ನು ಕಳೆದುಕೊಂಡವರು ನಮ್ಮ ಕೈಗಾರಿಕಾ ಬಡಾವಣೆಗಳಲ್ಲಿ ಕಡಿಮೆಯೇನಿಲ್ಲ. ಮಾರಾಟಗಾರರು ಕಾಂಪೊಸಿಷನ್ ಪದ್ಧತಿಯಲ್ಲಿದ್ದರೂ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳವಾಗಿ ತೆರಿಗೆ ಕಟ್ಟುವ ಪದ್ಧತಿ) ಕ್ರೆಡಿಟ್ ಇಲ್ಲ, ಏಕೆಂದರೆ ಅವರು ಬಿಲ್ಲಿನಲ್ಲಿ ತೆರಿಗೆಯನ್ನು ಹಾಕುವಂತೆಯೇ ಇಲ್ಲ.

ಇದಾದ ಮೇಲೆ ವೀಡಿಯೊ ಕರೆಯಲ್ಲಿ ಕಾರ್ಖಾನೆಯನ್ನು ತೋರಿಸಲು ಕೇಳಿ. ನಿಜವಾದ ತಯಾರಕರು ಇದನ್ನು ಅವಮಾನವೆಂದು ಭಾವಿಸುವುದಿಲ್ಲ. ತಮ್ಮ ಯಂತ್ರಗಳನ್ನು ತೋರಿಸಲು ಅವರಿಗೆ ಸಾಮಾನ್ಯವಾಗಿ ಹೆಮ್ಮೆಯೇ ಇರುತ್ತದೆ.

ಹೆಜ್ಜೆ 4: ದರಗಳನ್ನು ನಿಮ್ಮ ಬಾಗಿಲಿನಲ್ಲಿ ನಿಲ್ಲಿಸಿ ಹೋಲಿಸಿ

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಲೂಧಿಯಾನದ ಮಾರಾಟಗಾರರು ಕೆಜಿಗೆ ₹300 ಎನ್ನುತ್ತಾರೆ, ಬೆಂಗಳೂರಿನ ವಿತರಕರು ₹322 ಎನ್ನುತ್ತಾರೆ. 200 ಕೆಜಿಗೆ ಮೊದಲಿನವರ ಮಾಲಿನ ಬೆಲೆ ₹60,000. ಅದಕ್ಕೆ ಪ್ಯಾಕಿಂಗ್ ₹1,200, ಬೆಂಗಳೂರಿನವರೆಗಿನ ಲಾರಿ ಬಾಡಿಗೆ ₹3,400, ಟ್ರಾನ್ಸ್‌ಪೋರ್ಟ್ ಗೋಡೌನಿನಿಂದ ಪೀಣ್ಯಕ್ಕೆ ಗೂಡ್ಸ್ ಆಟೊ ಮತ್ತು ಹಮಾಲಿ ₹400 ಸೇರಿದರೆ ₹65,000 ಆಗುತ್ತದೆ, ಅಂದರೆ ಕೆಜಿಗೆ ₹325. ಎರಡನೆಯವರದು ಬಾಗಿಲಿಗೆ ತಲುಪಿಸಿ ₹64,400.

ಇಷ್ಟಕ್ಕೇ ಮುಗಿಯಲಿಲ್ಲ. ಮೊದಲಿನವರು ಪೂರ್ತಿ ಹಣ ಮುಂಗಡ ಕೇಳುತ್ತಾರೆ, ಮಾಲು ಬರುವುದು 20 ದಿನದ ನಂತರ. ತೆರಿಗೆಯೂ ಸೇರಿ ಸುಮಾರು ₹71,000 ಅಷ್ಟು ದಿನ ಕಟ್ಟಿಬಿದ್ದರೆ, ವರ್ಷಕ್ಕೆ ಶೇ. 12ರ ಬಡ್ಡಿಯಂತೆ ಅದರ ಬೆಲೆ ಸುಮಾರು ₹470. ಎರಡನೆಯವರು ಕೊಡುವ 30 ದಿನದ ಉದ್ರಿಯಿಂದ ಇದೇ ಲೆಕ್ಕದಲ್ಲಿ ಸುಮಾರು ₹750 ಉಳಿಯುತ್ತದೆ. ಒಟ್ಟಿನಲ್ಲಿ ಪರದೆಯ ಮೇಲೆ ಕೆಜಿಗೆ ₹22 ಅಗ್ಗವಾಗಿ ಕಂಡ ಮಾಲು ಕೈಗೆ ಬರುವಷ್ಟರಲ್ಲಿ ಒಟ್ಟು ₹1,800ರಷ್ಟು ದುಬಾರಿಯಾಗಿರುತ್ತದೆ. 200 ಕೆಜಿಯ ಬದಲು ಎರಡು ಟನ್ ಕೊಂಡರೆ ಲೆಕ್ಕ ತಿರುಗುಮುರುಗಾಗಬಹುದು, ಏಕೆಂದರೆ ತೂಕ ಹೆಚ್ಚಿದಂತೆ ಕೆಜಿಗೆ ಬೀಳುವ ಬಾಡಿಗೆ ಇಳಿಯುತ್ತದೆ. ಹಾಗಾಗಿ ಈ ಲೆಕ್ಕವನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕು.

ಹೊರರಾಜ್ಯದ ಮಾಲಿನ ಐಜಿಎಸ್‌ಟಿ ಇದ್ದರೂ, ರಾಜ್ಯದೊಳಗಿನ ಮಾಲಿನ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಇದ್ದರೂ ಕ್ರೆಡಿಟ್ ಪಡೆಯುವವರಿಗೆ ಖರ್ಚಿನಲ್ಲಿ ವ್ಯತ್ಯಾಸವಿಲ್ಲ. ಹೊರರಾಜ್ಯದ ಮಾಲಿಗೆ ತೆರಿಗೆ ಜಾಸ್ತಿ ಎಂಬ ಮಾತನ್ನು ಈಗಲೂ ಕೇಳುತ್ತೇನೆ. ಅದು ಜಿಎಸ್‌ಟಿಗೆ ಮೊದಲಿದ್ದ ಕೇಂದ್ರ ಮಾರಾಟ ತೆರಿಗೆಯ (ಸಿಎಸ್‌ಟಿ) ಕಾಲದ ನೆನಪು.

ಹೆಜ್ಜೆ 5: ಸ್ಯಾಂಪಲ್, ಪರ್ಚೇಸ್ ಆರ್ಡರ್, ಮುಂಗಡ

ಮೊದಲ ಸಲ ವ್ಯವಹರಿಸುವವರಿಂದ ಹಣ ಕೊಟ್ಟಾದರೂ ಸ್ಯಾಂಪಲ್ ತರಿಸಿ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಸ್ಯಾಂಪಲ್‌ನಲ್ಲಿ ಒಂದು ಭಾಗವನ್ನು ಇಬ್ಬರ ಸಹಿಯೊಂದಿಗೆ ಮೊಹರು ಮಾಡಿ ಇಟ್ಟುಕೊಳ್ಳುವ ಹಳೆಯ ಪದ್ಧತಿ ಈಗಲೂ ಒಳ್ಳೆಯದೇ.

ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ, ಕಳಿಸಿ’ ಎನ್ನುವುದು ಆರ್ಡರಲ್ಲ. ನಿಮ್ಮ ಲೆಟರ್‌ಹೆಡ್‌ನಲ್ಲಿ ಸಂಖ್ಯೆ ಮತ್ತು ದಿನಾಂಕವುಳ್ಳ ಪರ್ಚೇಸ್ ಆರ್ಡರ್ ಕಳುಹಿಸಿ, ಅದನ್ನು ಒಪ್ಪಿರುವುದಾಗಿ ಮಾರಾಟಗಾರರಿಂದ ಇ-ಮೇಲ್‌ನಲ್ಲಿ ಉತ್ತರ ಪಡೆಯಿರಿ. ಎರಡನೆಯ ಹೆಜ್ಜೆಯಲ್ಲಿ ಬರೆದ ವಿವರಣೆ ಪೂರ್ತಿಯಾಗಿ ಅದರಲ್ಲಿರಬೇಕು. ಜೊತೆಗೆ, ಮಾಲು ತಲುಪಿದ ಎಷ್ಟು ದಿನದೊಳಗೆ ನೀವು ತಪಾಸಣೆ ಮಾಡುತ್ತೀರಿ, ತಿರಸ್ಕೃತ ಮಾಲಿನ ವಾಪಸಾತಿ ಬಾಡಿಗೆ ಯಾರದು, ತಡವಾದರೆ ವಾರಕ್ಕೆ ಎಷ್ಟು ಕಡಿತ, ವಿವಾದ ಬಂದರೆ ಯಾವ ಊರಿನ ನ್ಯಾಯಾಲಯ ಎಂಬ ನಾಲ್ಕು ವಾಕ್ಯಗಳನ್ನು ಮರೆಯದಿರಿ.

ಮುಂಗಡವನ್ನು ಸಂಸ್ಥೆಯ ಹೆಸರಿನಲ್ಲಿರುವ ಚಾಲ್ತಿ ಖಾತೆಗೆ ಮಾತ್ರ ಕಳುಹಿಸಿ. ಇನ್‌ವಾಯ್ಸ್‌ನಲ್ಲಿ ಒಂದು ಹೆಸರು, ಹಣ ಹಾಕಬೇಕಾದ ಖಾತೆ ಇನ್ನಾರದೋ ವ್ಯಕ್ತಿಯದು ಎಂದಾದರೆ ಅಲ್ಲಿಗೇ ನಿಲ್ಲಿಸಿ. ವ್ಯವಹಾರದ ನಡುವೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇ-ಮೇಲ್ ಬಂದರೆ, ಅದಕ್ಕೆ ಉತ್ತರಿಸದೆ, ನಿಮ್ಮ ಬಳಿ ಮೊದಲಿನಿಂದ ಇರುವ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಮಾರುವವರಿಗೂ ಒಂದು ಎಚ್ಚರಿಕೆ: ಸೇನೆಯ ಕ್ಯಾಂಟೀನಿನಿಂದ ಮಾತನಾಡುತ್ತಿದ್ದೇವೆ, ದೊಡ್ಡ ಆರ್ಡರ್ ಇದೆ, ಹಣ ಪಡೆಯಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ಕರೆಗಳು ಪಟ್ಟಿ ವೇದಿಕೆಗಳಲ್ಲಿ ನಂಬರ್ ಹಾಕಿದವರಿಗೆ ಬರುತ್ತಲೇ ಇರುತ್ತವೆ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇರುವುದಿಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳಷ್ಟೇ ಇರುತ್ತವೆ.

ಹೆಜ್ಜೆ 6: ಮಾಲು ಇಳಿಸಿಕೊಳ್ಳುವಾಗ

₹50,000 ಮೀರಿದ ಸರಕಿನೊಂದಿಗೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಪತ್ರ, ಇರಬೇಕು. ಅದರ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿರುತ್ತದೆ. ಲಾರಿ ರಸೀದಿ ಅಂದರೆ ಎಲ್‌ಆರ್‌ನಲ್ಲಿ ‘ಟು ಪೇ’ ಎಂದಿದ್ದರೆ ಬಾಡಿಗೆ ನಿಮ್ಮದು. ಸಾಗಣೆ ಸೇರಿಸಿ ದರ ಒಪ್ಪಿಕೊಂಡಿದ್ದೂ ‘ಟು ಪೇ’ ಎಂದು ಬರೆದು ಬಂದರೆ ಪಾವತಿಸಿ, ರಸೀದಿ ಇಟ್ಟುಕೊಂಡು, ಬಿಲ್ಲಿನಲ್ಲಿ ಕಡಿತ ಮಾಡುವುದಾಗಿ ಅಂದೇ ಬರೆದು ತಿಳಿಸಿ.

ಪೆಟ್ಟಿಗೆ ಒಡೆದಿದ್ದರೆ ಅಥವಾ ಎಣಿಕೆ ಕಡಿಮೆಯಿದ್ದರೆ ಸಹಿ ಮಾಡುವ ಮೊದಲು ಡೆಲಿವರಿ ಪ್ರತಿಯ ಮೇಲೆಯೇ ಅದನ್ನು ಬರೆಯಬೇಕು. ಚಾಲಕರು ಅವಸರ ಮಾಡುತ್ತಾರೆ, ಹೊರಗೆ ಇನ್ನೊಂದು ವಾಹನ ಹಾರ್ನ್ ಹೊಡೆಯುತ್ತಿರುತ್ತದೆ, ಆದರೂ ಆ ಎರಡು ಸಾಲು ಬರೆಯದೆ ಬಿಡಬೇಡಿ. ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ತೂಕ ಹಾಕಿ, ಪ್ರತಿ ಲಾಟ್‌ನಿಂದ ಕೆಲವನ್ನು ತೆಗೆದು ಮೊಹರು ಮಾಡಿದ ಸ್ಯಾಂಪಲ್‌ನೊಂದಿಗೆ ಹೋಲಿಸಿ. ಆಕ್ಷೇಪವಿದ್ದರೆ ಬರಹದಲ್ಲಿ, 15 ದಿನದೊಳಗೆ ತಿಳಿಸಿ. ಈ 15 ದಿನಕ್ಕೆ ಮುಂದೆ ಹೇಳುವ ಕಾನೂನಿನ ಆಧಾರವಿದೆ.

ಮಾರುವವರಿಗೆ: ಜೆಮ್‌ನಲ್ಲಿ ವ್ಯವಹರಿಸುವ ಕ್ರಮ

ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಇಸ್ರೋ ಕೇಂದ್ರಗಳು, ಹುಬ್ಬಳ್ಳಿಯ ನೈರುತ್ಯ ರೈಲ್ವೆ ಮುಂತಾದವುಗಳ ಕೊಳ್ಳುವಿಕೆಯಲ್ಲಿ ಪಾಲು ಬೇಕೆನ್ನುವವರು ಜೆಮ್‌ನಲ್ಲಿ ಖಾತೆ ತೆರೆಯುವುದನ್ನು ಮುಂದೂಡಬಾರದು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೆಯ ನಿಯಮದಂತೆ, ಜೆಮ್‌ನಲ್ಲಿ ಲಭ್ಯವಿರುವ ವಸ್ತುವನ್ನು ಕೇಂದ್ರದ ಇಲಾಖೆಗಳು ಅಲ್ಲಿಂದಲೇ ಕೊಳ್ಳಬೇಕು.

ನೋಂದಣಿಗೆ ಶುಲ್ಕವಿಲ್ಲ. ಪ್ಯಾನ್, ಜಿಎಸ್‌ಟಿ ಸಂಖ್ಯೆ, ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮಗಳಿಗೆ ಕೇಂದ್ರ ಕೊಡುವ ನೋಂದಣಿ), ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಖಾತೆಯ ವಿವರಗಳನ್ನು ಮುಂದಿಟ್ಟುಕೊಂಡು ಕುಳಿತರೆ ಒಂದು ಮಧ್ಯಾಹ್ನದ ಕೆಲಸ. ಇಲ್ಲಿ ಒಂದು ತಪ್ಪನ್ನು ಮಾತ್ರ ಮಾಡಬಾರದು. ಪ್ರಾಥಮಿಕ ಬಳಕೆದಾರರಾಗಿ ಮಾಲೀಕರು, ಪಾಲುದಾರರು ಅಥವಾ ನಿರ್ದೇಶಕರೇ ಇರಬೇಕು, ಅವರದೇ ಮೊಬೈಲ್ ಮತ್ತು ಇ-ಮೇಲ್ ನಮೂದಾಗಬೇಕು. ಏಜೆಂಟರೊಬ್ಬರು ತಮ್ಮ ಮೊಬೈಲ್ ಸಂಖ್ಯೆ ಹಾಕಿ ಖಾತೆ ತೆರೆದುಕೊಟ್ಟು, ನಂತರ ಪ್ರತಿ ಬಿಡ್‌ಗೂ ಹಣ ಕೇಳಿದ ಪ್ರಕರಣ ನನ್ನ ಪರಿಚಯದವರಲ್ಲೇ ನಡೆದಿದೆ. ಅವರು ಖಾತೆಯನ್ನು ಮರಳಿ ತಮ್ಮ ಹಿಡಿತಕ್ಕೆ ತಂದುಕೊಳ್ಳಲು ಮೂರು ತಿಂಗಳು ಅಲೆದರು. ಸಹಾಯ ಬೇಕಿದ್ದರೆ ರಾಜಾಜಿನಗರದಲ್ಲಿರುವ ಕೇಂದ್ರದ ಎಂಎಸ್‌ಎಂಇ ಕಚೇರಿಯನ್ನೋ ನಿಮ್ಮ ಕೈಗಾರಿಕಾ ಸಂಘವನ್ನೋ ವಿಚಾರಿಸಿ.

ಮುಂದೆ ನಿಮ್ಮ ಮಾಲನ್ನು ವಿವರಗಳ ಸಹಿತ ಕ್ಯಾಟಲಾಗ್‌ಗೆ ಸೇರಿಸಬೇಕು. ಜೆಮ್‌ನ ದರ ಜಿಎಸ್‌ಟಿ, ಪ್ಯಾಕಿಂಗ್, ಸಾಗಣೆ ಎಲ್ಲವನ್ನೂ ಒಳಗೊಂಡದ್ದು. ನಮ್ಮವರು ಎಡವುವುದು ಇಲ್ಲೇ. ಕಾರ್ಖಾನೆಯ ಬಾಗಿಲಿನ ದರವನ್ನು ಯೋಚಿಸದೆ ಹಾಕಿ, ಗೆದ್ದ ಮೇಲೆ ಮಾಲು ತಲುಪಬೇಕಾದದ್ದು ಅರುಣಾಚಲದ ತವಾಂಗ್‌ಗೆ ಎಂದು ಗೊತ್ತಾದರೆ ಲಾಭವೆಲ್ಲ ಲಾರಿ ಬಾಡಿಗೆಗೆ ಹೋಗುತ್ತದೆ. ಬಿಡ್ ದಾಖಲೆಯ ಕೊನೆಯ ಪುಟಗಳಲ್ಲಿರುವ ಸ್ವೀಕರ್ತರ ಪಟ್ಟಿಯನ್ನು, ಖರೀದಿದಾರರು ಪ್ರತ್ಯೇಕವಾಗಿ ಸೇರಿಸಿದ ಷರತ್ತುಗಳನ್ನು ಮತ್ತು ಪ್ರಮಾಣವನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಹಕ್ಕನ್ನು ಅವರು ಎಷ್ಟರ ಮಟ್ಟಿಗೆ ಉಳಿಸಿಕೊಂಡಿದ್ದಾರೆ ಎಂಬುದನ್ನು ಮೊದಲು ಓದಿ, ಆಮೇಲೆ ದರ ಹಾಕಿ. ತಡವಾದರೆ ತಡವಾದ ಮಾಲಿನ ಮೌಲ್ಯದ ಮೇಲೆ ವಾರಕ್ಕೆ ಶೇ. 0.5ರಂತೆ, ಗರಿಷ್ಠ ಶೇ. 10ರವರೆಗೆ ಕಡಿತವಾಗುತ್ತದೆ.

ಕೊಳ್ಳುವ ವಿಧಾನ ಮೊತ್ತವನ್ನು ಅವಲಂಬಿಸಿದೆ. ಸಣ್ಣ ಮೊತ್ತಕ್ಕೆ ಅಧಿಕಾರಿಗಳು ನೇರವಾಗಿ ಕೊಳ್ಳಬಹುದು. ಮಧ್ಯಮ ಮೊತ್ತಕ್ಕೆ ಬೇರೆ ಬೇರೆ ತಯಾರಕರ ಕನಿಷ್ಠ ಮೂರು ದರಗಳನ್ನು ಹೋಲಿಸಿ ಅತಿ ಕಡಿಮೆಯದನ್ನು, ಅಂದರೆ ‘ಎಲ್1’ ಅನ್ನು ಆರಿಸಬೇಕು. ಅದರ ಮೇಲೆ ಬಿಡ್ ಕಡ್ಡಾಯ. ಈ ಎರಡು ಗಡಿಗಳು 2019ರಲ್ಲಿ ₹25,000 ಮತ್ತು ₹5 ಲಕ್ಷ ಇದ್ದವು, ನಂತರ ₹50,000 ಮತ್ತು ₹10 ಲಕ್ಷಕ್ಕೆ ಏರಿವೆ.

ಬಿಡ್‌ನ ನಂತರ ಹಿಮ್ಮುಖ ಹರಾಜು ಇದ್ದರೆ ಪರದೆಯ ಮೇಲೆ ದರ ಇಳಿಯುತ್ತಲೇ ಹೋಗುತ್ತದೆ. ಮಾಮೂಲಿ ಹರಾಜಿನಲ್ಲಿ ಕೊಳ್ಳುವವರಿಗೆ ಹಿಡಿಯುವ ಹುಚ್ಚು ಇಲ್ಲಿ ಮಾರುವವರಿಗೆ ಹಿಡಿಯುತ್ತದೆ. ಹರಾಜು ಆರಂಭವಾಗುವ ಮೊದಲೇ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ದರವನ್ನು ಕಾಗದದ ಮೇಲೆ ಬರೆದು, ಮೌಸ್ ಹಿಡಿಯುವ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸುವುದು ನಾನು ಕಂಡ ಒಳ್ಳೆಯ ಉಪಾಯ. ಗೆದ್ದು ಪೂರೈಸದಿದ್ದರೆ ದಂಡದ ಜೊತೆಗೆ ಖಾತೆಯೇ ಅಮಾನತಾಗಬಹುದು.

ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ 2012ರ ಸಾರ್ವಜನಿಕ ಖರೀದಿ ನೀತಿಯ ಬೆಂಬಲವಿದೆ. ಕೇಂದ್ರದ ಸಂಸ್ಥೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ. 25ನ್ನು ಇಂಥವರಿಂದ ಕೊಳ್ಳಬೇಕು. ಅದರೊಳಗೆ ಶೇ. 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ, ಶೇ. 3 ಮಹಿಳೆಯರ ಉದ್ಯಮಗಳಿಗೆ ಮೀಸಲು. ಇಎಂಡಿ, ಅಂದರೆ ಬಿಡ್ ಜೊತೆ ಇಡಬೇಕಾದ ಭದ್ರತಾ ಠೇವಣಿ, ಕಟ್ಟುವುದರಿಂದ ವಿನಾಯಿತಿಯಿದೆ. ಎಲ್1 ದೊಡ್ಡ ಸಂಸ್ಥೆಯಾಗಿದ್ದು, ನಿಮ್ಮ ದರ ಅದಕ್ಕಿಂತ ಶೇ. 15ರ ಒಳಗೆ ಹೆಚ್ಚಿದ್ದರೆ, ಎಲ್1 ದರಕ್ಕೆ ಒಪ್ಪಿ ಒಂದು ಪಾಲನ್ನು ಪೂರೈಸುವ ಅವಕಾಶವೂ ಸಿಗುತ್ತದೆ. ಬೇರೆಯವರ ಮಾಲನ್ನು ಕೊಂಡು ಮಾರುವ ವ್ಯಾಪಾರಿಗಳಿಗೆ ಈ ಸೌಲಭ್ಯಗಳಿಲ್ಲ.

ಮಾಲು ತಲುಪಿದ 48 ಗಂಟೆಯೊಳಗೆ ತಾತ್ಕಾಲಿಕ ರಸೀದಿ, ಹತ್ತು ದಿನದೊಳಗೆ ಸ್ವೀಕೃತಿ ಪ್ರಮಾಣಪತ್ರ, ಅದಾದ ಹತ್ತು ದಿನದೊಳಗೆ ಹಣ ಎಂಬುದು ಜೆಮ್‌ನ ಕ್ರಮ. ಕಾಗದದ ಮೇಲಿನ ಈ ವೇಗ ಎಲ್ಲ ಕಚೇರಿಗಳಲ್ಲೂ ಕಾಣುವುದಿಲ್ಲ. ತಾತ್ಕಾಲಿಕ ರಸೀದಿಯನ್ನು ಮೊದಲ ದಿನದಿಂದಲೇ ಬೆನ್ನುಹತ್ತಬೇಕು, ಏಕೆಂದರೆ ಮುಂದಿನ ಎಲ್ಲ ಗಡುವುಗಳ ಎಣಿಕೆ ಅಲ್ಲಿಂದ ಶುರುವಾಗುತ್ತದೆ. ಒಪ್ಪಂದ ₹2.5 ಲಕ್ಷ ಮೀರಿದರೆ ಸರ್ಕಾರಿ ಖರೀದಿದಾರರು ಜಿಎಸ್‌ಟಿ ಟಿಡಿಎಸ್ ಎಂದು ಶೇ. 2 ಹಿಡಿಯುತ್ತಾರೆ. ಅದು ನಿಮ್ಮ ಎಲೆಕ್ಟ್ರಾನಿಕ್ ನಗದು ಲೆಡ್ಜರ್‌ಗೆ ಬರುತ್ತದೆ, ಕಳೆದುಹೋಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ₹10 ಲಕ್ಷದವರೆಗಿನ ಆರ್ಡರ್‌ಗೆ ವಹಿವಾಟು ಶುಲ್ಕವಿಲ್ಲ, ಅಲ್ಲಿಂದ ₹10 ಕೋಟಿವರೆಗೆ ಶೇ. 0.30.

ಕೆಪಿಪಿಪಿಯ ದಾರಿ ಇದಕ್ಕಿಂತ ಹಳೆಯ ಟೆಂಡರ್ ಪದ್ಧತಿಗೆ ಹತ್ತಿರ. ಅಲ್ಲಿ ಡಿಜಿಟಲ್ ಸಹಿ ಪ್ರಮಾಣಪತ್ರ ಬೇಕು. ಅದರ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಬಾಕಿ ಹಣ ವಸೂಲಿ

ಖಾಸಗಿ ಖರೀದಿದಾರರಿಂದ ಹಣ ಬರುವುದು ತಡವಾದಾಗ ಪಟ್ಟಿ ವೇದಿಕೆಗಳಿಂದ ಹೆಚ್ಚಿನ ಸಹಾಯ ನಿರೀಕ್ಷಿಸಬೇಡಿ. ನಿಮ್ಮ ಬೆಂಬಲಕ್ಕಿರುವುದು 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ, ಲಿಖಿತ ಒಪ್ಪಂದವಿದ್ದರೆ ಅದರಂತೆ ಆದರೆ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ಮಾಲನ್ನು ಅಂಗೀಕರಿಸಿದಂತೆಯೇ ಲೆಕ್ಕ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ಉದ್ಯಮ್ ನೋಂದಣಿಯನ್ನು ಆರ್ಡರ್ ಪಡೆಯುವ ಮೊದಲೇ ಮಾಡಿಸಿ, ಅದರ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೆ ಮುದ್ರಿಸಿ. ನಂತರ ಮಾಡಿಸಿದ ನೋಂದಣಿಯ ಬಲದ ಮೇಲೆ ಹಳೆಯ ಬಾಕಿ ಕೇಳಲು ಹೋದರೆ ವಾದವಿವಾದಕ್ಕೆ ದಾರಿಯಾಗುತ್ತದೆ.

ದೂರನ್ನು ಕೇಂದ್ರದ ಆನ್‌ಲೈನ್ ಪೋರ್ಟಲ್ ಮೂಲಕ, ಇಂಥ ವಿವಾದಗಳನ್ನು ತೀರ್ಮಾನಿಸುವ ರಾಜ್ಯದ ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು. ಮಂಡಳಿಯ ತೀರ್ಪನ್ನು ಖರೀದಿದಾರರು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಮೊದಲು ಶೇ. 75ರಷ್ಟು ಮೊತ್ತವನ್ನು ಠೇವಣಿ ಇಡಬೇಕು. ಆದರೂ ಪ್ರಾಮಾಣಿಕವಾಗಿ ಹೇಳುವುದಾದರೆ, ಗ್ರಾಹಕರನ್ನು ಕಳೆದುಕೊಳ್ಳುವ ಭಯದಿಂದ ಹೆಚ್ಚಿನವರು ಆ ಬಾಗಿಲು ತಟ್ಟುವುದೇ ಇಲ್ಲ. ಅಂಥವರಿಗೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ, 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂದು ಸೇರಿಸಿದ ನಿಬಂಧನೆ ಹೆಚ್ಚು ಸೌಮ್ಯವಾದ ಅಸ್ತ್ರ. ಗಡುವಿನೊಳಗೆ ಕೊಡದ ಬಾಕಿಯನ್ನು ಖರೀದಿದಾರರು ಹಣ ಕೊಡುವ ವರ್ಷದವರೆಗೂ ಖರ್ಚಾಗಿ ತೋರಿಸುವಂತಿಲ್ಲ. ಮಾರ್ಚ್ ಮೊದಲ ವಾರದಲ್ಲಿ ಅವರ ಲೆಕ್ಕಪತ್ರ ವಿಭಾಗಕ್ಕೆ ನಿಮ್ಮ ಉದ್ಯಮ್ ಪ್ರಮಾಣಪತ್ರ ಮತ್ತು ಬಾಕಿಯ ಪಟ್ಟಿಯನ್ನು ವಿನಯದ ಪತ್ರದೊಂದಿಗೆ ಕಳುಹಿಸಿದರೆ ಕೆಲಸ ಆಗುವುದನ್ನು ಕಂಡಿದ್ದೇನೆ.

ಖರೀದಿದಾರರು ದೊಡ್ಡ ಕಂಪನಿಯಾಗಿದ್ದರೆ ಟ್ರೆಡ್ಸ್, ಅಂದರೆ ಬಾಕಿ ಇನ್‌ವಾಯ್ಸ್‌ಗಳ ಮೇಲೆ ಬ್ಯಾಂಕುಗಳಿಂದ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆಯನ್ನು ಬಳಸಿ. 2017ರಿಂದ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಎಂಬ ವೇದಿಕೆಗಳು ಕೆಲಸ ಆರಂಭಿಸಿವೆ. ನೀವು ಇನ್‌ವಾಯ್ಸ್ ಏರಿಸುತ್ತೀರಿ, ಖರೀದಿದಾರರು ಒಪ್ಪುತ್ತಾರೆ, ಬ್ಯಾಂಕುಗಳು ಅದರ ಮೇಲೆ ಬಡ್ಡಿದರ ಕೂಗುತ್ತವೆ. ನಿಮಗೆ ಬೇಕಾದ ದರವನ್ನು ಆರಿಸಿದರೆ ಹಣ ಕೂಡಲೇ ಬರುತ್ತದೆ, ಗಡುವಿನ ದಿನ ಖರೀದಿದಾರರು ಬ್ಯಾಂಕಿಗೆ ಕಟ್ಟುತ್ತಾರೆ. ಅವರು ಕಟ್ಟದಿದ್ದರೂ ಬ್ಯಾಂಕು ನಿಮ್ಮ ಬಳಿ ವಾಪಸು ಕೇಳುವಂತಿಲ್ಲ. ₹250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಈ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಆದೇಶವಿದೆ. ನೋಂದಣಿ ಕಡ್ಡಾಯವಾದರೂ ಪ್ರತಿ ಇನ್‌ವಾಯ್ಸನ್ನು ಅಲ್ಲಿ ಒಪ್ಪಲೇಬೇಕೆಂದಿಲ್ಲ. ಹಾಗಾಗಿ ಆರ್ಡರ್ ಮಾತುಕತೆಯ ಹಂತದಲ್ಲೇ ಈ ಷರತ್ತನ್ನು ಹಾಕಿಸಿಕೊಳ್ಳಿ.

ಎರಡನೆಯ, ಮೂರನೆಯ ಆರ್ಡರ್

ಎರಡು ಸಲ ಮಾಲು ಸರಿಯಾಗಿ ಬಂದ ಮೇಲೆ ಇಬ್ಬರಿಗೂ ವೇದಿಕೆಯನ್ನು ಬಿಟ್ಟು ನೇರವಾಗಿ ವ್ಯವಹರಿಸುವ ಆಲೋಚನೆ ಬರುತ್ತದೆ. ಪಟ್ಟಿ ವೇದಿಕೆಗಳಲ್ಲಿ ಇದಕ್ಕೆ ಅಡ್ಡಿಯಿಲ್ಲ, ಅವುಗಳ ಕೆಲಸ ಪರಿಚಯದೊಂದಿಗೆ ಮುಗಿದಿರುತ್ತದೆ. ನಿರ್ವಹಿತ ವೇದಿಕೆಯಲ್ಲಿ ಸಿಕ್ಕ ಗ್ರಾಹಕರನ್ನು ಹೊರಗೆ ಕರೆದೊಯ್ಯುವುದಕ್ಕೆ ಒಪ್ಪಂದದಲ್ಲಿ ನಿಷೇಧವಿದೆಯೇ ಎಂದು ಮೊದಲು ನೋಡಿ. ನಿಷೇಧ ಇಲ್ಲದಿದ್ದರೂ ವೇದಿಕೆ ಕೊಡುತ್ತಿದ್ದ ಉದ್ರಿ, ಮಾಲಿನ ವಾಪಸಾತಿ ಮತ್ತು ಸಾಗಣೆಯ ಜವಾಬ್ದಾರಿ ಅಂದಿನಿಂದ ನಿಮ್ಮ ಪಾಲಿಗೆ ಬರುತ್ತದೆ. ಆ ಮೂರರ ಬೆಲೆಯನ್ನು ನಾಲ್ಕನೆಯ ಹೆಜ್ಜೆಯ ಲೆಕ್ಕದಂತೆ ರೂಪಾಯಿಯಲ್ಲಿ ಬರೆದು, ನೇರ ದರದಲ್ಲಿ ಸಿಗುವ ಉಳಿತಾಯದ ಪಕ್ಕದಲ್ಲಿಟ್ಟು ನೋಡಿ. ನೇರ ವ್ಯವಹಾರವೇ ಲಾಭದಾಯಕವೆಂದು ಕಂಡರೂ ಪರ್ಚೇಸ್ ಆರ್ಡರ್ ಕಳುಹಿಸುವುದನ್ನು ನಿಲ್ಲಿಸಬೇಡಿ, ಅದರಲ್ಲಿ 304 ಎಂದು ಬರೆಯುವುದನ್ನೂ.